ವಕೀಲರಿಲ್ಲದೆ ಬ್ಯಾಂಕ್ರಪ್ಸಿ ಫೈಲ್ ಮಾಡೋವಾಗ ಲೈಫ್ ಇನ್ಶೂರೆನ್ಸ್ ಎಲ್ಲೆಲ್ಲಿ ಬರೀಬೇಕು

ಅಮೆರಿಕಾದಲ್ಲಿ ಚಾಪ್ಟರ್ 7 ಬ್ಯಾಂಕ್ರಪ್ಸಿನ, ಅಂದ್ರೆ ತೀರಿಸೋಕಾಗದ ಸಾಲ ಮನ್ನಾ ಮಾಡಿ ಅಂತ ಕೋರ್ಟಿಗೆ ಹಾಕೋ ಅರ್ಜಿನ, ತಾವೇ ಫೈಲ್ ಮಾಡೋರಲ್ಲಿ ಕೆಲವರು "ನಾನು ಸತ್ತ ಮೇಲೆ ತಾನೆ ದುಡ್ಡು ಬರೋದು, ಅದು ಈಗ ನನ್ನ ಆಸ್ತಿ ಹೇಗಾಗತ್ತೆ" ಅಂತ ಇನ್ಶೂರೆನ್ಸ್ ಪಾಲಿಸಿನ ಫಾರ್ಮಲ್ಲಿ ಬರೆಯೋದೇ ಇಲ್ಲ, ಇನ್ನು ಕೆಲವರು ಬರೆದ್ರೆ ಕಿತ್ಕೊಂಡ್ಬಿಡ್ತಾರೇನೋ ಅಂತ ಹೆದರಿ ಬಿಟ್ಬಿಡ್ತಾರೆ. ದಯವಿಟ್ಟು ಎರಡನ್ನೂ ಮಾಡ್ಬೇಡಿ. ಪಾಲಿಸಿ ಚಿಕ್ಕದೋ ದೊಡ್ಡದೋ, ಬೆಲೆ ಸೊನ್ನೆನೇ ಆಗಿದ್ರೂ ಬರೀರಿ. ಬರೆದು ಎಕ್ಸೆಂಪ್ಷನ್ (ಸಾಲ ಕೊಟ್ಟವರಿಗೆ ಹೋಗದ ಹಾಗೆ ಉಳಿಸ್ಕೊಳ್ಳೋಕೆ ಕಾನೂನು ಕೊಡೋ ವಿನಾಯ್ತಿ) ಕೇಳಿದ ಪಾಲಿಸಿ ಸಾಮಾನ್ಯವಾಗಿ ನಿಮ್ಮ ಹತ್ರನೇ ಉಳಿಯತ್ತೆ.

ಫಾರ್ಮ್ ಮುಟ್ಟೋ ಮುಂಚೆ ಮನೇಲಿ ಯಾವ್ಯಾವ ಪಾಲಿಸಿ ಇದೆ ಅಂತ ಹುಡುಕಿ. ಕಂಪನಿಯವರೇ ಕೊಟ್ಟಿರೋ ಗ್ರೂಪ್ ಇನ್ಶೂರೆನ್ಸ್ ಬಹಳ ಜನಕ್ಕೆ ನೆನಪೇ ಇರಲ್ಲ, ಪೇ ಸ್ಟಬ್ ನೋಡಿ ಸಿಗತ್ತೆ. ಟರ್ಮ್ ಪಾಲಿಸಿಲಿ ದುಡ್ಡು ಸೇರ್ಕೊಳ್ಳಲ್ಲ, ಹೋಲ್ ಲೈಫ್ ಮತ್ತೆ ಯೂನಿವರ್ಸಲ್ ಲೈಫಲ್ಲಿ ಕ್ಯಾಶ್ ವ್ಯಾಲ್ಯೂ ಸೇರ್ತಾ ಹೋಗತ್ತೆ, ಟ್ರಸ್ಟೀ (ನಿಮ್ಮ ಆಸ್ತಿ ಪರಿಶೀಲಿಸಿ ಸಾಲ ಕೊಟ್ಟವರಿಗೆ ಹಂಚೋಕೆ ನೇಮಕ ಆದವರು) ಕಣ್ಣು ಇರೋದು ಅದರ ಮೇಲೆ. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ "ಇವತ್ತು ಸರೆಂಡರ್ ಮಾಡಿದ್ರೆ ಕೈಗೆ ಎಷ್ಟು ಬರತ್ತೆ, ಅದನ್ನ ಲೆಟರಲ್ಲಿ ಕೊಡಿ" ಅಂತ ಕೇಳಿ. ಫೈಲ್ ಮಾಡೋ ದಿನಕ್ಕೆ ಹತ್ರದ ತಾರೀಖಿನ ಲೆಟರ್ ಇದ್ರೆ ಒಳ್ಳೇದು.

ಈಗ ನಿಮ್ಮ ಆಸ್ತಿ ಪಟ್ಟಿ ಮಾಡೋ ಶೆಡ್ಯೂಲ್ ಎ/ಬಿ, ಅಂದ್ರೆ ಫಾರ್ಮ್ 106ಎ/ಬಿ. ಅದರಲ್ಲಿ 31ನೇ ಲೈನ್ ಇನ್ಶೂರೆನ್ಸಿಗೇ ಅಂತ ಇರೋದು. ಕಂಪನಿ ಹೆಸರು, ಬೆನಿಫಿಷಿಯರಿ (ಸತ್ತ ಮೇಲೆ ದುಡ್ಡು ಸಿಗೋರು) ಯಾರು, ಸರೆಂಡರ್ ವ್ಯಾಲ್ಯೂ ಎಷ್ಟು, ಈ ಮೂರು ಕೇಳ್ತಾರೆ. ಇಲ್ಲಿ ಪಾಲಿಸಿಯ ಪೂರ್ತಿ ಮೊತ್ತ ಬರೀಬೇಡಿ, 5 ಲಕ್ಷ ಡಾಲರಿನ ಟರ್ಮ್ ಪಾಲಿಸಿ ಆದ್ರೂ ಅದರ ಬೆಲೆ ಇವತ್ತಿಗೆ 0, ಹಂಗೇ ಬರೀರಿ. ಕ್ಯಾಶ್ ವ್ಯಾಲ್ಯೂ 9,000 ಡಾಲರ್ ಇದ್ದು ಅದರ ಮೇಲೆ 4,000 ಸಾಲ ತಗೊಂಡಿದ್ರೆ, ಬೇರೆ ಚಾರ್ಜ್ ಏನೂ ಇಲ್ಲಾಂದ್ರೆ ಕೈಗೆ ಬರೋದು 5,000, ಬರೀಬೇಕಾದ್ದೂ ಅದೇ.

ನಮ್ಮವರಿಗೆ ಇನ್ನೊಂದು ವಿಷಯ. ಇಂಡಿಯಾದಲ್ಲಿ ಎಲ್‌ಐಸಿ ಪಾಲಿಸಿ ಇದ್ರೆ ಅದನ್ನೂ ಬರೀಬೇಕು. ಆಸ್ತಿ ಪ್ರಪಂಚದಲ್ಲಿ ಎಲ್ಲೇ ಇರಲಿ, ಯಾರ ಹತ್ರನೇ ಇರಲಿ, ಬ್ಯಾಂಕ್ರಪ್ಸಿ ಎಸ್ಟೇಟಿಗೆ (ಕೇಸಿಗೆ ಒಳಪಡೋ ನಿಮ್ಮ ಆಸ್ತಿಗೆ) ಸೇರತ್ತೆ ಅಂತ ಬ್ಯಾಂಕ್ರಪ್ಸಿ ಕಾನೂನಿನ ಸೆಕ್ಷನ್ 541 ಸ್ಪಷ್ಟವಾಗಿ ಹೇಳತ್ತೆ. ಹಳೇ ಎಂಡೋಮೆಂಟ್ ಪಾಲಿಸಿ ಅಪ್ಪ ಮಾಡಿಸಿದ್ದು, ಪ್ರೀಮಿಯಂ ಅವರೇ ಕಟ್ತಿದಾರೆ, ಆದ್ರೆ ಪಾಲಿಸಿದಾರರು ನೀವೇ ಅಂತಿದ್ರೆ ಅದನ್ನ ಬಿಡೋ ಹಾಗಿಲ್ಲ, ಸರೆಂಡರ್ ವ್ಯಾಲ್ಯೂನ ಡಾಲರಿಗೆ ಲೆಕ್ಕ ಹಾಕಿ ಬರೀರಿ.

ಪಾಲಿಸಿ ಉಳಿಸ್ಕೊಳ್ಳೋ ಜಾಗ ಶೆಡ್ಯೂಲ್ ಸಿ, ಇಲ್ಲಿ ಟೈಮ್ ತಗೊಳಿ. ಎ/ಬಿಲಿ ಬರೆದ್ರೆ ತಾನಾಗೇ ಉಳಿಯತ್ತೆ ಅಂದ್ಕೋಬೇಡಿ, ಇಲ್ಲಿ ನೀವಾಗೇ ಕೇಳ್ಬೇಕು, ಯಾವ ಕಾನೂನಿನ ಪ್ರಕಾರ ಅಂತ ಸೆಕ್ಷನ್ ನಂಬರ್ ಸಮೇತ. ಫೆಡರಲ್ ಎಕ್ಸೆಂಪ್ಷನ್ನಲ್ಲಿ 522(ಡಿ)(7) ಪಾಲಿಸಿ ಕಾಂಟ್ರ್ಯಾಕ್ಟನ್ನೇ ಕಾಪಾಡತ್ತೆ, ಕ್ರೆಡಿಟ್ ಲೈಫ್ ಇನ್ಶೂರೆನ್ಸ್ (ನೀವು ಸತ್ರೆ ನಿಮ್ಮ ಸಾಲ ತೀರಿಸೋ ಪಾಲಿಸಿ) ಒಂದು ಬಿಟ್ಟು. ಅದರೊಳಗಿನ ಕ್ಯಾಶಿಗೆ 522(ಡಿ)(8), ಏಪ್ರಿಲ್ 2025ರಿಂದ ಇದರ ಮಿತಿ 16,850 ಡಾಲರ್, ಎಲ್ಲಾ ಪಾಲಿಸಿ ಸೇರಿ. ಆದ್ರೆ ಈ (8) ಸಿಗೋದು ಇನ್ಶೂರ್ ಆಗಿರೋದು ನೀವಾಗಿದ್ರೆ, ಇಲ್ಲಾ ನೀವು ಯಾರ ಮೇಲೆ ಅವಲಂಬಿತರೋ ಅವರಾಗಿದ್ರೆ ಮಾತ್ರ. ಮಗು ಹೆಸರಲ್ಲಿ ಮಾಡಿಸಿದ ಪಾಲಿಸಿಯ ಕ್ಯಾಶಿಗೆ ಇದು ಬರಲ್ಲ, ಅದಕ್ಕೆ 522(ಡಿ)(5)ರ ವೈಲ್ಡ್‌ಕಾರ್ಡ್ (ಯಾವ ಆಸ್ತಿಗೆ ಬೇಕಾದ್ರೂ ಹಾಕ್ಕೊಳ್ಳಬಹುದಾದ ಎಕ್ಸೆಂಪ್ಷನ್) ಬಳಸ್ಬೇಕು.

ಹಂಗಂತ ಫೆಡರಲ್ ಪಟ್ಟಿ ಎಲ್ಲರಿಗೂ ಸಿಗಲ್ಲ. ತುಂಬಾ ಸ್ಟೇಟ್‌ಗಳು ತಮ್ಮದೇ ಪಟ್ಟಿ ಬಳಸಿ ಅನ್ನತ್ವೆ. ಟೆಕ್ಸಾಸ್, ಫ್ಲೋರಿಡಾದಲ್ಲಿ ಕ್ಯಾಶ್ ವ್ಯಾಲ್ಯೂಗೆ ಕಾನೂನು ಬಹಳ ಉದಾರವಾಗಿದೆ, ಬೇರೆ ಕಡೆ ಅಷ್ಟಿಲ್ಲ. ಇತ್ತೀಚೆಗೆ ಸ್ಟೇಟ್ ಬದಲಾಯಿಸಿದವ್ರು ಹುಷಾರು, ಫೈಲ್ ಮಾಡೋಕೆ ಹಿಂದಿನ 730 ದಿನ ಪೂರ್ತಿ ಒಂದೇ ಸ್ಟೇಟಲ್ಲಿ ಇರದಿದ್ರೆ ಹಳೇ ಸ್ಟೇಟಿನ ಕಾನೂನು ಲಾಗೂ ಆಗಬಹುದು. ದುಡ್ಡು ತಗೊಂಡು ಫಾರ್ಮ್ ಟೈಪ್ ಮಾಡಿಕೊಡೋ ಪೆಟಿಷನ್ ಪ್ರಿಪೇರರ್ ಹತ್ರ ಯಾವ ಎಕ್ಸೆಂಪ್ಷನ್ ತಗೊಳ್ಳಿ ಅಂತ ಕೇಳ್ಬೇಡಿ, ಕಾನೂನು ಸಲಹೆ ಕೊಡೋ ಹಕ್ಕು ಅವರಿಗಿಲ್ಲ.

ಪ್ರೀಮಿಯಂ ಸಂಬಳದಿಂದ ಕಟ್ ಆಗ್ತಿದ್ರೆ ಆದಾಯ ಬರೆಯೋ ಶೆಡ್ಯೂಲ್ ಐ, 5ಇ ಲೈನು. ನೀವೇ ಕಟ್ತಿದ್ರೆ ಖರ್ಚು ಬರೆಯೋ ಶೆಡ್ಯೂಲ್ ಜೆ, 15ಎ. ಎರಡು ಕಡೆನೂ ಹಾಕ್ಬೇಡಿ. ಮೀನ್ಸ್ ಟೆಸ್ಟಿನ (ನಿಮ್ಮ ಆದಾಯಕ್ಕೆ ಚಾಪ್ಟರ್ 7 ಸಿಗತ್ತಾ ಅಂತ ನೋಡೋ ಲೆಕ್ಕದ) ಉದ್ದದ ಫಾರ್ಮ್ 122ಎ-2 ತುಂಬೋ ಹಾಗಾದ್ರೆ ಅಲ್ಲಿ ನಿಮ್ಮ ಸ್ವಂತ ಟರ್ಮ್ ಪಾಲಿಸಿ ಪ್ರೀಮಿಯಂ ಮಾತ್ರ ನಡೆಯತ್ತೆ, ಹೋಲ್ ಲೈಫಿಂದು ನಡೆಯಲ್ಲ.

ಫೈಲ್ ಮಾಡೋ ಮುಂಚೆ ಪಾಲಿಸಿ ಓನರ್‌ಶಿಪ್ಪನ್ನ ಹೆಂಡ್ತಿಗೋ ತಮ್ಮನಿಗೋ ವರ್ಗ ಮಾಡಿಬಿಡೋಣ ಅಂತ ಯಾರಾದ್ರೂ ಐಡಿಯಾ ಕೊಟ್ರೆ ಕೇಳ್ಬೇಡಿ. ಹಿಂದಿನ 2 ವರ್ಷದಲ್ಲಿ ಏನೇನು ಯಾರಿಗೆ ಕೊಟ್ರಿ ಅಂತ ಹಣಕಾಸಿನ ವ್ಯವಹಾರ ಕೇಳೋ ಫಾರ್ಮ್ 107ರ 18ನೇ ಪ್ರಶ್ನೆ ಕೇಳತ್ತೆ, ಅಂಥ ವರ್ಗಾವಣೆನ ಟ್ರಸ್ಟೀ ರದ್ದು ಮಾಡ್ಸಬಹುದು. ಪಾಲಿಸಿ ಮುರಿದು ಆ ದುಡ್ಡಲ್ಲಿ ನೆಂಟರ ಸಾಲ ತೀರಿಸಿದ್ರೂ ಒಂದು ವರ್ಷದೊಳಗಿಂದಾದ್ರೆ ಅದನ್ನೂ ಅದೇ ಫಾರ್ಮಲ್ಲಿ ಹೇಳ್ಬೇಕು.

ಇನ್ನು ನೀವು ಬೇರೆಯವರ ಪಾಲಿಸಿಗೆ ಬೆನಿಫಿಷಿಯರಿ ಆಗಿದ್ರೆ. ಅವರು ಈಗಾಗ್ಲೇ ತೀರ್ಕೊಂಡು ದುಡ್ಡು ಬರೋದಿದ್ರೆ ಶೆಡ್ಯೂಲ್ ಎ/ಬಿಯ 32ನೇ ಲೈನಲ್ಲಿ ಬರೀರಿ. ನೀವು ಫೈಲ್ ಮಾಡಿದ 180 ದಿನದೊಳಗೆ ಅವರು ತೀರ್ಕೊಂಡ್ರೂ ಆ ದುಡ್ಡು ಎಸ್ಟೇಟಿಗೆ ಸೇರತ್ತೆ, ಚೆಕ್ ಯಾವಾಗ್ಲಾದ್ರೂ ಬರಲಿ. ಗೊತ್ತಾದ 14 ದಿನದಲ್ಲಿ ಕೋರ್ಟಿಗೆ ಸಪ್ಲಿಮೆಂಟಲ್ ಶೆಡ್ಯೂಲ್ ಕೊಡ್ಬೇಕು, ಕೇಸ್ ಕ್ಲೋಸ್ ಆಗಿದ್ರೂ ಬಿಡಲ್ಲ. ಮನೇಲಿ ಸಾವಾಗಿರೋ ಹೊತ್ತಲ್ಲಿ ಇದೆಲ್ಲಾ ಯಾರಿಗೆ ನೆನಪಿರತ್ತೆ, ಅದಕ್ಕೇ ಆ 180ನೇ ದಿನ ಯಾವುದು ಅಂತ ಈಗ್ಲೇ ಕ್ಯಾಲೆಂಡರಲ್ಲಿ ಗುರುತು ಹಾಕಿಡಿ. ನೀವು ಅವರ ಅವಲಂಬಿತರಾಗಿದ್ರೆ ಜೀವನಕ್ಕೆ ಬೇಕಾದಷ್ಟನ್ನ ಉಳಿಸ್ಕೊಳ್ಳೋಕೆ 522(ಡಿ)(11)(ಸಿ) ಇದೆ.

ಫೈಲ್ ಆದ ಮೇಲೆ ಯಾವ್ದೋ ಪಾಲಿಸಿ ಬಿಟ್ಟುಹೋಯ್ತು ಅಂತ ಗೊತ್ತಾದ್ರೆ ಗಾಬರಿ ಬೇಡ. ಕೇಸ್ ಕ್ಲೋಸ್ ಆಗೋವರೆಗೆ ತಿದ್ದಬಹುದು, ಎ/ಬಿ ಮತ್ತೆ ಸಿ ಎರಡನ್ನೂ ತಿದ್ದಿ, ಮೇಲೆ ಅಮೆಂಡೆಡ್ ಅನ್ನೋ ಬಾಕ್ಸ್ ಟಿಕ್ ಮಾಡಿ, ಡಿಕ್ಲರೇಷನ್ ಫಾರ್ಮಿಗೆ ಮತ್ತೆ ಸೈನ್ ಹಾಕಿ ಕೊಡಿ. ಬೇಕಂತ್ಲೇ ಮುಚ್ಚಿಟ್ರೆ ಸಾಲ ಮನ್ನಾನೇ ಸಿಗದೆ ಹೋಗಬಹುದು, 5 ವರ್ಷದವರೆಗೆ ಜೈಲೂ ಇದೆ. ಫೈಲ್ ಆದ ಮೇಲೆ ಟ್ರಸ್ಟೀ ನಿಮ್ಮನ್ನ ಕರೆದು ಪ್ರಶ್ನೆ ಕೇಳೋ 341 ಮೀಟಿಂಗಲ್ಲಿ ಪ್ರಮಾಣ ಮಾಡಿಸಿ, ಪೇಪರಲ್ಲಿ ಎಲ್ಲಾ ಆಸ್ತಿ ಬರೆದಿದೀರಾ ಅಂತ ಟ್ರಸ್ಟೀ ಕೇಳ್ತಾರೆ, ಸಾಧ್ಯವಾದ್ರೆ ಅದಕ್ಕೆ ಮುಂಚೆನೇ ತಿದ್ದಿ ಕೊಟ್ಬಿಡಿ, ಸರೆಂಡರ್ ವ್ಯಾಲ್ಯೂ ಲೆಟರ್ ಕೈಯಲ್ಲಿಟ್ಕೊಂಡು ಕೂತ್ಕೊಳಿ.