ಬರ್ನ್ಸ್ ವಾರ್ಡಿನಲ್ಲಿ ವಿಟಮಿನ್ ಡಿ3: ಚೀಟಿ ಬರೆಯೋದು ಬಿಟ್ಟು ಎದುರಿಗೇ ಕುಡಿಸಿದ ಮೇಲೆ

"ಆರೋಗ್ಯವಾಗಿ ಓಡಾಡೋರಿಗೇ ವಿಟಮಿನ್ ಡಿ ಇಲ್ಲ, ಸುಟ್ಟವರಿಗೆ ಕಮ್ಮಿ ಇದ್ರೆ ಏನ್ ಮಹಾ, ನೀವು ಚರ್ಮದ ಗ್ರಾಫ್ಟ್ ನೋಡ್ಕೊಳ್ಳಿ" ಅಂತ, ನಾನು ಡಿ ವಿಷಯ ಎತ್ತಿದಾಗ ಮೀಟಿಂಗಿನಲ್ಲಿ ನಕ್ಕವರೇ ಈಗ ತಮ್ಮ ಪೇಷೆಂಟ್‌ಗಳನ್ನು ನನ್ನ ಬುಧವಾರದ ಡ್ರೆಸ್ಸಿಂಗ್ ಒಪಿಡಿಗೆ ಕಳಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸುಟ್ಟು ಕಲೆಯಾದ ಚರ್ಮ ಡಿ ಸರಿಯಾಗಿ ತಯಾರಿಸುವುದಿಲ್ಲ, ಮೇಲಿಂದ ಬಿಸಿಲಿಗೆ ಹೋಗಬೇಡಿ ಅಂತ ನಾವೇ ಹೇಳಿ ಪ್ರೆಶರ್ ಗಾರ್ಮೆಂಟ್ (ಕಲೆ ದಪ್ಪವಾಗದಂತೆ ಬಿಗಿಯಾಗಿ ಒತ್ತಿ ಹಿಡಿಯುವ ಬಟ್ಟೆ) ಹಾಕಿ ಕಳಿಸುತ್ತೇವೆ. ಇದೆಲ್ಲ ನಿಮಗೆ ಗೊತ್ತಿರೋದೇ.

ಮೊದಲು ಸೋತ ದಾರಿಗಳು. ವಾರ್ಡಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯಲ್ಲಿ 250 ಐಯು (ವಿಟಮಿನ್ ಅಳೆಯುವ ಯೂನಿಟ್) ಡಿ3 ಇತ್ತು. ದಿನಕ್ಕೆ ಎರಡು ಕೊಟ್ಟರೂ ರಿಪೋರ್ಟ್ ಅಲ್ಲಾಡಲಿಲ್ಲ. ಅಮೆರಿಕದಲ್ಲಿ ಸುಟ್ಟ ಮಕ್ಕಳಿಗೆ 400 ಐಯು ಇರುವ ಮಲ್ಟಿವಿಟಮಿನ್ ಕೊಟ್ಟಾಗಲೂ ಹೀಗೇ ಆಗಿತ್ತು. ಆಮೇಲೆ 6 ಲಕ್ಷ ಐಯು ಡಿ3 ಇಂಜೆಕ್ಷನ್. ಒಂದು ಸಲ ಚುಚ್ಚಿದರೆ ಮುಗೀತು ಅಂತ ಆಸೆ. ಆದರೆ ಗ್ರಾಫ್ಟಿಗಾಗಿ ಎರಡೂ ತೊಡೆಯಿಂದ ಚರ್ಮ ತೆಗೆದಿರುವಾಗ ಚುಚ್ಚೋದಾದರೂ ಎಲ್ಲಿ? ಕೆಲವರಿಗೆ ಏರಿತು, ಕೆಲವರಿಗೆ ಏರಲೇ ಇಲ್ಲ. ಹಾಸಿಗೆ ಬಿಟ್ಟೇಳದ ಒಬ್ಬರಿಗೆ ರಕ್ತದ ಕ್ಯಾಲ್ಸಿಯಂ ಮಿತಿ ಮೀರಿ 11 ದಾಟಿ ವಾಂತಿ ಶುರುವಾಯಿತು. ಅಲ್ಲಿಗೆ ಅದನ್ನು ಬಿಟ್ಟೆ.

ಮೂರನೆಯದು ಎಲ್ಲರೂ ಮಾಡೋದೇ: ಡಿಸ್ಚಾರ್ಜ್ ದಿನ ವಾರಕ್ಕೊಂದು 60,000 ಐಯು ಸ್ಯಾಶೆ (ಪುಡಿ ಪೊಟ್ಟಣ) ಬರೆದು ಕಳಿಸೋದು. ಅರ್ಧಕ್ಕರ್ಧ ಜನ ತಗೊಳ್ಳಲೇ ಇಲ್ಲ. ಇನ್ನು ಕೆಲವರು ದಿನಾ ಒಂದೊಂದು ಕುಡಿದು ಎಂಟೇ ದಿನಕ್ಕೆ ಖಾಲಿ ಮಾಡಿಬಿಟ್ಟರು, ಶಕ್ತಿ ಪುಡಿ ಅಂತ. ಒಂದು ಮನೆಯಲ್ಲಿ ಅತ್ತೆ, ಮಾವ, ಗಂಡ ಎಲ್ಲರಿಗೂ ಹಂಚಿ ಆಗಿತ್ತು, ಸುಟ್ಟ ಸೊಸೆಗೆ ಸಿಕ್ಕಿದ್ದು ಒಂದೋ ಎರಡೋ.

ಕೊನೆಗೆ ಕೈ ಹಿಡಿದದ್ದು ತೀರಾ ಸರಳ. ಸ್ಯಾಶೆ ಮನೆಗೆ ಕೊಡೋದೇ ಇಲ್ಲ. ಹೇಗೂ ವಾರಕ್ಕೊಮ್ಮೆ ಡ್ರೆಸ್ಸಿಂಗಿಗೆ ಬರುತ್ತಾರಲ್ಲ, ಅವತ್ತೇ ಸಿಸ್ಟರ್ ಎದುರಿಗೆ ಬೆಚ್ಚಗಿನ ಹಾಲಿನಲ್ಲಿ ಕಲಸಿ ಕುಡಿಯಬೇಕು, ಕಾರ್ಡಿನಲ್ಲಿ ಸಹಿ. ಕೆನೆ ಇರೋ ಹಾಲು, ಯಾಕಂದ್ರೆ ಕೊಬ್ಬಿಲ್ಲದೆ ಇದು ಸರಿಯಾಗಿ ಸೇರುವುದಿಲ್ಲ. ಎಂಟು ವಾರ. ಆಮೇಲೆ ಗಾರ್ಮೆಂಟ್ ಹಾಕಿಕೊಂಡಿರುವಷ್ಟು ಕಾಲ ತಿಂಗಳಿಗೊಂದು. ಡ್ರೆಸ್ಸಿಂಗ್ ನಿಂತ ಮೇಲೂ ಜನ ತಪ್ಪದೆ ಬರುವಂತೆ ಮಾಡಲು ನನ್ನ ಹತ್ತಿರ ಒಂದು ಉಪಾಯ ಇದೆ. ಇಲ್ಲಿ ಬರೆದರೆ ನಮ್ಮ ಆಫೀಸಿನವರು ನಿಲ್ಲಿಸಿಬಿಡುತ್ತಾರೆ, ಬಂದು ನೋಡಿ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಸ್ಯಾಶೆಗೆ ಸುಮಾರು 30-40 ರೂಪಾಯಿ, ಎಂಟಕ್ಕೆ 300 ಹತ್ತಿರ. ಹೊರಗಡೆ ಲ್ಯಾಬಿನಲ್ಲಿ ಒಂದು ಸಲ ಡಿ ಟೆಸ್ಟ್ ಮಾಡಿಸಿದರೆ ಸಾವಿರದ ಮೇಲೆ. ಔಷಧಕ್ಕಿಂತ ಪರೀಕ್ಷೆಯೇ ದುಬಾರಿ! ಅದರಲ್ಲೂ ಅಡ್ಮಿಟ್ ಆದ ಮೊದಲ ವಾರದ ಟೆಸ್ಟ್ ಅಂದ್ರೆ ಸುಮ್ನೆ ದುಡ್ಡು ಸುರಿದ ಹಾಗೆ. ಡ್ರಿಪ್ ಹೋಗಿರುತ್ತೆ, ರಕ್ತದ ಪ್ರೋಟೀನ್ ಅಲ್ಬುಮಿನ್ ಇಳಿದಿರುತ್ತೆ, ಡಿ ಹೊತ್ತು ತಿರುಗೋ ಪ್ರೋಟೀನೂ ಇಳಿದಿರುತ್ತೆ, ಯಾರದ್ದು ನೋಡಿದರೂ ಕಮ್ಮಿಯೇ. ನಾನು ಗಾಯ ಒಂದು ಹಂತಕ್ಕೆ ಬಂದ ಮೇಲೆ ಒಂದು, ಮೂರು ತಿಂಗಳಿಗೆ ಇನ್ನೊಂದು ಮಾಡಿಸುತ್ತೇನೆ, ಅಷ್ಟೇ. ಆದರೆ ಕ್ಯಾಲ್ಸಿಯಂ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಬಿಡಲ್ಲ. ಅವು ನಮ್ಮ ಲ್ಯಾಬಿನಲ್ಲೇ ಆಗುತ್ತವೆ. ಕ್ಯಾಲ್ಸಿಯಂ ಅನ್ನು ಅಲ್ಬುಮಿನ್‌ಗೆ ಸರಿಹೊಂದಿಸಿಯೇ ಓದಬೇಕು. ಕಿಡ್ನಿ ಕೆಟ್ಟವರು, ಕಲ್ಲು ಇದ್ದವರು, ಚಿಕ್ಕ ಮಕ್ಕಳು ಈ ಲೆಕ್ಕಕ್ಕೆ ಬರೋದಿಲ್ಲ, ಅವರ ಡೋಸೇ ಬೇರೆ.

ನೆನಪಿನಿಂದ ಹೇಳೋದಾದರೆ ಬಹಳ ಮಂದಿ ರಕ್ತದ ಡಿ ಮಟ್ಟ 10ರ (ng/mL) ಆಸುಪಾಸಿನಲ್ಲಿ ಶುರುವಾಗಿ 30ರ ಹತ್ತಿರ ಬಂದರು. ಏರದಿದ್ದವರಲ್ಲಿ ಹೆಚ್ಚಿನವರು ಭೇದಿಯಾಗುತ್ತಿದ್ದವರು. ಡಿ ಕೊಟ್ಟರೂ ಕ್ಯಾಲ್ಸಿಯಂ ಮೇಲೇಳದಿದ್ದರೆ ಮೆಗ್ನೀಷಿಯಂ ನೋಡಿ, ಸುಟ್ಟವರಲ್ಲಿ ಅದು ಬೀಳೋದು ಜಾಸ್ತಿ.

2014ರ ಆಸ್ಟ್ರಿಯಾದ ಪ್ರಯೋಗವನ್ನೂ 2019ರ ಅಮೆರಿಕದ್ದನ್ನೂ ನನ್ನ ಮುಖಕ್ಕೆ ಹಿಡಿದವರಿದ್ದಾರೆ. ಐಸಿಯುನಲ್ಲಿ 5,40,000 ಐಯು ಒಮ್ಮೆಗೇ ಕೊಟ್ಟರು, ಒಂದರಲ್ಲಿ ಆಸ್ಪತ್ರೆಯ ದಿನ ಕಮ್ಮಿಯಾಗಲಿಲ್ಲ, ಇನ್ನೊಂದರಲ್ಲಿ ಸಾವು ಇಳಿಯಲಿಲ್ಲ. ಸರಿ. ಆದರೆ ನಾನು ಜೀವ ಉಳಿಸಲು ಡಿ ಕೊಡುತ್ತಿಲ್ಲ, ಗ್ರಾಫ್ಟ್ ಬೇಗ ಹಿಡಿಯಿತು ಅಂತಲೂ ಹೇಳುವುದಿಲ್ಲ. ಬದುಕಿ ಮನೆಗೆ ಹೋದವರ ಮೂಳೆ ಸವೆಯಬಾರದು, ಅಷ್ಟೇ ನನ್ನ ಗುರಿ. ಕೂತಲ್ಲಿಂದ ಕೈ ಊರದೆ ಏಳುತ್ತಿದ್ದಾರೆ ಅಂತ ಮೊದಲು ಹೇಳಿದ್ದು ನಮ್ಮ ಫಿಸಿಯೋ, ನಾನಲ್ಲ. ಮೊದಮೊದಲು ಅವರೇ "ಮೊಣಕೈಯಲ್ಲಿ ಮೂಳೆ ಬೆಳೆದರೆ ಯಾರು ಜವಾಬ್ದಾರಿ" ಅಂತ ಜಗಳಕ್ಕೆ ಬಂದಿದ್ದರು. ಸುಟ್ಟವರ ಕೀಲಿನ ಸುತ್ತ ಬೇಡದ ಮೂಳೆ ಬೆಳೆಯೋದುಂಟು, ಆ ಭಯ ನನಗೂ ಇದೆ, ಅದಕ್ಕೇ ಎಲ್ಲರಿಗೂ ಕಣ್ಮುಚ್ಚಿ ಕ್ಯಾಲ್ಸಿಯಂ ಮಾತ್ರೆ ಸೇರಿಸುವುದನ್ನು ನಿಲ್ಲಿಸಿದ್ದೇನೆ.

ನಡುವೆ ಅಣಬೆಯ ಹುಚ್ಚೂ ಹಿಡಿದಿತ್ತು. ಬಿಸಿಲಿಗೆ ಇಟ್ಟರೆ ಅಣಬೆಯಲ್ಲಿ ಡಿ2 ಏರುತ್ತೆ ಅಲ್ವಾ, ಟೆರೇಸಿನಲ್ಲಿ ಒಣಗಿಸಿ ಅಡುಗೆಮನೆಗೆ ಕೊಟ್ಟೆ. ಸಾರಿಗೆ ಹಾಕಿದ್ದನ್ನು ತಟ್ಟೆಯ ಅಂಚಿಗೆ ಸರಿಸಿಟ್ಟು ಮುದ್ದೆ ಮಾತ್ರ ತಿಂದರು. ಡಿ ಸೇರಿಸಿದ ಪ್ಯಾಕೆಟ್ ಹಾಲನ್ನು ನಂಬೋ ಹಾಗೂ ಇಲ್ಲ, ಲೀಟರಿಗೆ 200-300 ಐಯು ಅಷ್ಟೇ. ಮೂಗಿನ ನಳಿಗೆ ಇದ್ದವರಿಗೆ ಸ್ಯಾಶೆಗಿಂತ ದ್ರವದ್ದೇ ಸಲೀಸು, ಬೆಲೆ ಮಾತ್ರ ಜಾಸ್ತಿ.

ಈಗಿರೋ ತಲೆನೋವು ಆಸ್ಪತ್ರೆಯ ಔಷಧ ಸ್ಟೋರ್ಸ್‌ನದ್ದು. ಒಳರೋಗಿಗಳ ಹೆಸರಿಗೆ ಬಂದ ಸ್ಯಾಶೆಯನ್ನು ಒಪಿಡಿಯಲ್ಲಿ ಕುಡಿಸುವಂತಿಲ್ಲವಂತೆ. ದಾನಿಗಳೊಬ್ಬರ ದುಡ್ಡಿನಲ್ಲಿ ಈ ವರ್ಷ ನಡೆಯುತ್ತಿದೆ, ಮುಂದಿನ ವರ್ಷದ ಇಂಡೆಂಟಿನಲ್ಲಿ (ಔಷಧ ಬೇಡಿಕೆ ಪಟ್ಟಿಯಲ್ಲಿ) ಒಪಿಡಿ ಹೆಸರಿಗೇ ಬೇರೆ ಸಾಲು ಹಾಕಿಸಿದ್ದೇನೆ.