ಮಿನ್ನೆಸೋಟದ ಮನೆಗೆ ನಾವೇ ಸ್ಟಾರ್ಮ್ ಡೋರ್ ಕೂರಿಸಿದ್ದು

ಸ್ಟಾರ್ಮ್ ಡೋರ್, ಅಂದರೆ ಮುಂಬಾಗಿಲಿನ ಹೊರಗೆ ಹಾಕುವ ಎರಡನೇ ಬಾಗಿಲು, ಕೂರಿಸುವುದು ಅಂಥ ಕಷ್ಟದ ಕೆಲಸವೇನಲ್ಲ. ಡ್ರಿಲ್ ಹಿಡಿದು ಅಭ್ಯಾಸ ಇದ್ದರೆ ಒಂದು ದಿನದಲ್ಲಿ ಮುಗಿಯುತ್ತದೆ. ಆದರೆ ಆ ದಿನದ ಅರ್ಧ ಹೊತ್ತು ಬಾಗಿಲನ್ನು ಮುಟ್ಟಲೇಬಾರದು. ಆ ಹೊತ್ತೆಲ್ಲ ಚೌಕಟ್ಟಿಗೆ ಸೇರಿದ್ದು. ಅದನ್ನು ಅಳೆಯಬೇಕು, ಕೆರೆಯಬೇಕು, ವಾಲಿದ್ದರೆ ಸರಿ ಮಾಡಬೇಕು. ಫ್ಯಾಕ್ಟರಿಯಿಂದ ಬರುವ ಬಾಗಿಲು ನಾಲ್ಕೂ ಮೂಲೆ ಸರಿಯಾಗಿಯೇ ಇರುತ್ತದೆ. ಹಳೇ ಮನೆಯ ಚೌಕಟ್ಟು ಹಾಗಿರುವುದಿಲ್ಲ.

ಊರಿನಲ್ಲಿರುವವರಿಗೆ ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಮುಂಬಾಗಿಲಿನ ಹೊರಗೆ ಸೊಳ್ಳೆ ಜಾಲರಿಯ ಬಾಗಿಲು ಹಾಕಿಸುತ್ತಾರಲ್ಲ, ಜಾಗದಲ್ಲಿ ಇದೂ ಹಾಗೇ. ಅಲ್ಯೂಮಿನಿಯಂ ಚೌಕಟ್ಟು, ನಡುವೆ ಗಾಜು. ಮುಂಬಾಗಿಲು ಒಳಕ್ಕೆ ತೆರೆದರೆ ಇದು ಹೊರಕ್ಕೆ ತೆರೆಯುತ್ತದೆ. ಚಳಿಗಾಲದಲ್ಲಿ ಗಾಜು, ಬೇಸಿಗೆಯಲ್ಲಿ ಜಾಲರಿ. ಎರಡು ಬಾಗಿಲುಗಳ ನಡುವೆ ಉಳಿಯುವ ಗಾಳಿಯ ಪದರ ಚಳಿಯನ್ನು ಸ್ವಲ್ಪ ತಡೆಯುತ್ತದೆ. ಮಳೆ, ಹಿಮ ನೇರವಾಗಿ ಮರದ ಬಾಗಿಲಿಗೆ ಬಡಿಯುವುದಿಲ್ಲ.

ಇದು ಎಲ್ಲರಿಗೂ ಬೇಕಾ? ಬೇಡ. ಅಮೆರಿಕದ ಇಂಧನ ಇಲಾಖೆಯೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಒಳಗೆ ಫೋಮ್ ತುಂಬಿದ ಹೊಸ ಬಾಗಿಲು ಇದ್ದರೆ ಅದರ ಮುಂದೆ ಇನ್ನೊಂದನ್ನು ಹಾಕಿ ಉಳಿಯುವ ಇಂಧನ ತೀರಾ ಕಡಿಮೆ. ಬಾಗಿಲಿನ ಮೇಲೆ ದಿನಕ್ಕೆ ಕೆಲವು ಗಂಟೆಗಿಂತ ಜಾಸ್ತಿ ನೇರ ಬಿಸಿಲು ಬೀಳುತ್ತಿದ್ದರೆ ಗಾಜಿನ ಬಾಗಿಲು ಹಾಕಲೇಬಾರದು. ನಡುವೆ ಸಿಕ್ಕಿಕೊಂಡ ಬಿಸಿ ಮುಂಬಾಗಿಲನ್ನೇ ಹಾಳು ಮಾಡುತ್ತದೆ. ಬಾಗಿಲಿನ ಬಣ್ಣ ಗಾಢವಾಗಿದ್ದರೆ ಇನ್ನೂ ಕಷ್ಟ. ಪ್ಲಾಸ್ಟಿಕ್ ಪಟ್ಟಿಗಳು ಸೊಟ್ಟಗಾಗುತ್ತವೆ. ದಕ್ಷಿಣ ಅಥವಾ ಪಶ್ಚಿಮಕ್ಕೆ ಬಾಗಿಲಿರುವ ಗೆಳೆಯರು ಕೇಳಿದಾಗ ಬೇಡ ಅಂತಲೇ ಹೇಳುತ್ತೇನೆ. ನಮ್ಮದು ಮಿನ್ನಿಯಾಪೊಲಿಸ್ ಪಕ್ಕದ ಊರು, 1960ರ ದಶಕದ ಮನೆ, ಹಳೇ ಮರದ ಬಾಗಿಲು, ಮುಖ ಉತ್ತರಕ್ಕೆ. ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋಗುವ ರಾತ್ರಿಗಳು ಇಲ್ಲಿ ಹೊಸತಲ್ಲ. ಹಾಗಾಗಿ ನಮಗೆ ಇದು ಬೇಕೇ ಬೇಕಿತ್ತು.

ಅಳತೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿನ ಮನೆಗಳಲ್ಲಿ ಬಾಗಿಲ ಸುತ್ತ ಹೊರಗಡೆ ಬ್ರಿಕ್‌ಮೋಲ್ಡ್ ಅನ್ನುವ ಮರದ ಪಟ್ಟಿ ಇರುತ್ತದೆ. ಸ್ಟಾರ್ಮ್ ಡೋರ್ ಕೂರುವುದು ಅದರ ಮೇಲೆ. ಆ ಪಟ್ಟಿಯ ಒಳ ಅಂಚಿನಿಂದ ಒಳ ಅಂಚಿಗೆ ಅಗಲ ನೋಡಬೇಕು. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಕು. ಎತ್ತರವೂ ಹಾಗೇ, ಹೊಸ್ತಿಲಿನಿಂದ ಮೇಲಿನ ಪಟ್ಟಿಯವರೆಗೆ. ಅಂಗಡಿಯಲ್ಲಿ 36 ಇಂಚಿನ ಬಾಗಿಲು ಅಂದರೆ ಸುಮಾರು 36 ಇಂಚು ತೆರವಿಗೆ ಹೊಂದುವ ಬಾಗಿಲು ಅಂತ ಅರ್ಥ. ಬಹಳಷ್ಟು ಮಾದರಿಗಳು 35 7/8ರಿಂದ 36 3/8 ಇಂಚಿನವರೆಗೆ ಹೊಂದುತ್ತವೆ, ಎತ್ತರ 80ರಿಂದ 81 ಇಂಚು. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಓದಿಯೇ ತನ್ನಿ.

ಅಗಲ, ಎತ್ತರ ಸರಿ ಇದ್ದರೆ ಸಾಲದು. ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಎರಡೂ ಕಡೆ ಟೇಪ್ ಹಿಡಿಯಬೇಕು. ಎರಡೂ ಒಂದೇ ಬಂದರೆ ಚೌಕಟ್ಟು ಸರಿ ಇದೆ. ನಮ್ಮದರಲ್ಲಿ ಕಾಲು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಬಂತು. ರಸಮಟ್ಟ ಇಟ್ಟು ನೋಡಿದರೆ ಕೀಲಿನ ಕಡೆಯ ಪಟ್ಟಿ ಕೆಳಗೆ ಹೊರಕ್ಕೆ ಸರಿದಿತ್ತು. ಅರವತ್ತು ವರ್ಷ ನೆಲ ಹೆಪ್ಪುಗಟ್ಟಿ ಕರಗಿ, ಹೆಪ್ಪುಗಟ್ಟಿ ಕರಗಿದ ಮನೆ. ಇಷ್ಟಾದರೂ ಸರಿಯುವುದು ಸಹಜ. ಕೀಲಿನ ಕಡೆ ನೇರವಾಗಿ ನಿಲ್ಲದಿದ್ದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ, ಇಲ್ಲವೇ ಚಿಲಕ ಕೂರುವುದಿಲ್ಲ. ಅದಕ್ಕೆ ಉದ್ದನೆಯ ತೆಳು ಮರದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ದಪ್ಪವಾಗುತ್ತಾ ಹೋಗುವಂತೆ ಹೆರೆದು, ಬಣ್ಣ ಹೊಡೆದು, ಬ್ರಿಕ್‌ಮೋಲ್ಡ್‌ನ ಒಳ ಅಂಚಿಗೆ ಸ್ಕ್ರೂ ಹಾಕಿ ಕೂರಿಸಿದೆವು. ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಈ ಪಟ್ಟಿಯೇ. ಇದನ್ನು ಬಿಟ್ಟು ಮುಂದೆ ಹೋದರೆ ಆಮೇಲೆ ಎಷ್ಟು ಸ್ಕ್ರೂ ತಿರುಗಿಸಿದರೂ ಬಾಗಿಲು ಉಜ್ಜುವುದು ನಿಲ್ಲುವುದಿಲ್ಲ.

ಅದಕ್ಕೂ ಮೊದಲು ಇನ್ನೊಂದು ಕೆಲಸ ಇತ್ತು, ಹಳೇ ಬಣ್ಣ. ಅಲ್ಲಿ ಮೊದಲೇ ಒಂದು ಸ್ಟಾರ್ಮ್ ಡೋರ್ ಇತ್ತು. ಅದನ್ನು ಬಿಚ್ಚಿದ ಜಾಗದಲ್ಲಿ ಬಣ್ಣದ ಏಣು ನಿಂತಿತ್ತು. ಹೊಸ ಪಟ್ಟಿ ಅದರ ಮೇಲೆ ಸಮವಾಗಿ ಕೂರಲ್ಲ, ಕೆರೆಯಲೇಬೇಕು. ಇಲ್ಲಿ ದಯವಿಟ್ಟು ಹುಷಾರಾಗಿರಿ. ಅಮೆರಿಕದಲ್ಲಿ ಮನೆಯ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ. ಅದಕ್ಕಿಂತ ಹಳೇ ಮನೆಯಾದರೆ ಕೆಳಪದರದಲ್ಲಿ ಸೀಸ ಇರಬಹುದು. ಅದರ ಪುಡಿ ಚಿಕ್ಕ ಮಕ್ಕಳ ಮಿದುಳಿಗೆ ಕೆಟ್ಟದ್ದು. ಹಾರ್ಡ್‌ವೇರ್ ಅಂಗಡಿಯಲ್ಲಿ ಪರೀಕ್ಷೆಯ ಕಿಟ್ ಸಿಗುತ್ತದೆ. ಸಂಶಯ ಇದ್ದರೆ ಒಣ ಸ್ಯಾಂಡಿಂಗ್ ಮಾಡಲೇಬೇಡಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಚಿಮುಕಿಸುತ್ತಾ ಒದ್ದೆಯಾಗಿಯೇ ಕೆರೆಯಿರಿ. ಸುಮ್ನೆ ಬಟ್ಟೆ ಕಟ್ಟಿಕೊಂಡರೆ ಆಗಲ್ಲ, ಸಣ್ಣ ಪುಡಿಯನ್ನೂ ತಡೆಯುವ ಪಿ100 ಮಾಸ್ಕ್ ಹಾಕಿಕೊಳ್ಳಿ. ಮಕ್ಕಳನ್ನು ಆ ದಿನ ಬೇರೆ ಕಡೆ ಕಳಿಸಿ. ನಾವು ಹಾಗೇ ಮಾಡಿದೆವು.

ಕೀಲು ಯಾವ ಕಡೆ ಇರಬೇಕು? ಸಾಮಾನ್ಯವಾಗಿ ಮುಂಬಾಗಿಲಿನ ಕೀಲು ಇರುವ ಕಡೆಗೇ ಹಾಕುತ್ತಾರೆ. ಕೈತುಂಬ ಸಾಮಾನು ಹಿಡಿದು ಒಳಗೆ ಬರುವಾಗ ಅದೇ ಅನುಕೂಲ. ನಾನು ಗಾಳಿಯನ್ನೂ ನೋಡಿದೆ. ಇಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ವಾಯವ್ಯದಿಂದ. ಗಾಳಿ ಬರುವ ಕಡೆಗೆ ಕೀಲು ಇದ್ದರೆ ತೆರೆದ ಬಾಗಿಲನ್ನು ಗಾಳಿ ಮುಚ್ಚಲು ನೋಡುತ್ತದೆ. ಎದುರು ಕಡೆ ಇದ್ದರೆ ಕೈಯಿಂದ ಕಿತ್ತುಕೊಂಡು ಹೋಗಿ ಗೋಡೆಗೆ ಬಡಿಯುತ್ತದೆ. ನಮ್ಮ ಮನೆಯಲ್ಲಿ ಎರಡು ಲೆಕ್ಕವೂ ಒಂದೇ ಕಡೆಗೆ, ಪಶ್ಚಿಮಕ್ಕೆ ಬಂತು. ಬೇರೆ ಬೇರೆ ಬಂದಿದ್ದರೆ ನಾನು ಗಾಳಿಯ ಮಾತನ್ನೇ ಕೇಳುತ್ತಿದ್ದೆ.

ಕೂರಿಸುವ ದಿನಕ್ಕೆ ಅಕ್ಟೋಬರ್ ಒಳ್ಳೆಯದು. ಗಾಳಿಯಿಲ್ಲದ ದಿನ ನೋಡಿಕೊಳ್ಳಿ. ತೀರಾ ಚಳಿ ಬಿದ್ದ ಮೇಲೆ ಕಾಲ್ಕ್, ಅಂದರೆ ಸಂದು ಮುಚ್ಚುವ ಅಂಟು, ಸರಿಯಾಗಿ ಅಂಟುವುದಿಲ್ಲ, ಲೇಟೆಕ್ಸ್ ಥರದ್ದಕ್ಕೆ 5 ಡಿಗ್ರಿಗಿಂತ ಮೇಲೆ ಇರಬೇಕು. ಗಾಜು ಬಿಚ್ಚಲು ಬರುವ ಮಾದರಿಯಾದರೆ ಮೊದಲು ಬಿಚ್ಚಿ ಪಕ್ಕಕ್ಕಿಡಿ, ಭಾರ ಎಷ್ಟೋ ಇಳಿಯುತ್ತದೆ. ಈ ಗಾಜು ಟೆಂಪರ್ಡ್ ಗಾಜು. 1977ರಿಂದ ಇಲ್ಲಿನ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಸ್ಟಾರ್ಮ್ ಡೋರ್‌ಗಳಿಗೆ ಸುರಕ್ಷಿತ ಗಾಜೇ ಇರಬೇಕು. ಒಡೆದರೂ ಚೂಪು ಚೂರಾಗುವುದಿಲ್ಲ. ಆದರೆ ಅದರ ಅಂಚಿಗೆ ಏಟು ಬಿದ್ದರೆ ಇಡೀ ಗಾಜು ಪುಡಿಯಾಗುತ್ತದೆ, ಹಾಗಾಗಿ ಸಿಮೆಂಟಿನ ಮೇಲೆ ನೇರವಾಗಿ ನಿಲ್ಲಿಸಬೇಡಿ. ನಾವು ಹಳೇ ಕಂಬಳಿ ಹಾಸಿದೆವು.

ನಮ್ಮ ಮಾದರಿಯಲ್ಲಿ ಕೀಲಿನ ಕಡೆಯ ಝಡ್-ಬಾರ್, ಅಂದರೆ ಬಾಗಿಲನ್ನು ಚೌಕಟ್ಟಿಗೆ ಸೇರಿಸುವ ಅಲ್ಯೂಮಿನಿಯಂ ಪಟ್ಟಿ, ಬಾಗಿಲಿಗೆ ಜೋಡಿಸಿಯೇ ಬಂದಿತ್ತು. ಬಾರ್‌ನ ಬುಡವನ್ನು ಹೊಸ್ತಿಲಿನ ಇಳಿಜಾರಿಗೆ ಸರಿಯಾಗಿ ಗರಗಸದಿಂದ ಕತ್ತರಿಸಿ, ಅರದಿಂದ ಉಜ್ಜಿ ನಯ ಮಾಡಿದೆ. ಹೊಸ್ತಿಲು ನೀರು ಹರಿಯಲಿ ಅಂತ ಹೊರಕ್ಕೆ ಇಳಿದಿರುತ್ತದೆ, ನೆಟ್ಟಗೆ ಕತ್ತರಿಸಿದರೆ ಬುಡದಲ್ಲಿ ಸಂದು ಉಳಿಯುತ್ತದೆ. ಆಮೇಲೆ ಇಬ್ಬರೂ ಸೇರಿ ಬಾಗಿಲು ಎತ್ತಿ ನಿಲ್ಲಿಸಿದೆವು. ಹೆಂಡತಿ ಹಿಡಿದುಕೊಂಡರು, ನಾನು 1/8 ಇಂಚಿನ ಬಿಟ್‌ನಲ್ಲಿ ತೂತು ಕೊರೆದು ಮೇಲಿನ ಒಂದೇ ಸ್ಕ್ರೂ ಹಾಕಿದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ರಸಮಟ್ಟ ಇಟ್ಟು, ಬಾಗಿಲು ತೆರೆದು ಮುಚ್ಚಿ ನೋಡಿದ ಮೇಲೆಯೇ ಉಳಿದ ಸ್ಕ್ರೂಗಳು. ಡ್ರಿಲ್‌ನ ಬಲ ಕಡಿಮೆಗೆ ಇಟ್ಟುಕೊಳ್ಳಿ. ಜಾಸ್ತಿ ಬಿಗಿದರೆ ಮೆತ್ತನೆಯ ಅಲ್ಯೂಮಿನಿಯಂ ಬಾಗುತ್ತದೆ.

ಮೇಲಿನ ಮಳೆಪಟ್ಟಿಯನ್ನು ಮೊದಲು ಹಾಕಬೇಕೋ ಆಮೇಲೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಕೈಪಿಡಿ ಹೇಳಿದ ಕ್ರಮ ಬಿಡಬೇಡಿ. ಚಿಲಕದ ಕಡೆಯ ಬಾರ್ ಕೂರಿಸುವಾಗ ಬಾಗಿಲು ಮುಚ್ಚಿಕೊಂಡು, ಮೇಲಿಂದ ಕೆಳಗಿನವರೆಗೆ ಸಂದು ಒಂದೇ ಸಮ ಇರುವಂತೆ ನೋಡಬೇಕು. ಸುಮಾರು 3/16 ಇಂಚು. ಹೆರೆದ ಮರದ ಪಟ್ಟಿಗೆ ಬೆಲೆ ಬಂದದ್ದು ಇಲ್ಲಿ. ಸಂದು ತಾನಾಗಿಯೇ ಸಮವಾಗಿ ನಿಂತಿತು. ಬಾರ್‌ಗಳ ಹೊರ ಅಂಚಿಗೆ ಮೇಲೆ, ಪಕ್ಕದಲ್ಲಿ ಕಾಲ್ಕ್ ಹಾಕಿ. ಹೊಸ್ತಿಲಿಗೆ ಮಾತ್ರ ಹಾಕಬೇಡಿ, ಒಳಗೆ ಸೇರಿದ ನೀರಿಗೆ ಹೊರಗೆ ಹೋಗಲು ದಾರಿ ಬೇಕು.

ಹಿಡಿಕೆ ಹಾಕುವ ಮೊದಲು ಎರಡು ಬಾಗಿಲುಗಳ ನಡುವೆ ಎಷ್ಟು ಜಾಗ ಇದೆ ಅಂತ ನೋಡಿ. ಒಳಗಿನ ಹಿಡಿಕೆಗೆ ಹೊರಗಿನದು ತಾಗಿದರೆ ಯಾವುದೂ ಪೂರ್ತಿ ಮುಚ್ಚುವುದಿಲ್ಲ. ನಾವು ಮುಂಬಾಗಿಲಿನ ಗುಂಡು ಹಿಡಿಕೆಗಿಂತ ಸ್ವಲ್ಪ ಮೇಲೆ ಇದನ್ನು ಕೂರಿಸಿದೆವು. ನಮ್ಮವರು ಇನ್ನೊಂದನ್ನೂ ಲೆಕ್ಕಕ್ಕೆ ಹಿಡಿಯಬೇಕು, ತೋರಣ. ಹೊರಗಿನ ಪಟ್ಟಿಗೆ ಕಟ್ಟಿದರೆ ಬಾಗಿಲು ತೆರೆಯುವಾಗ ಸಿಕ್ಕಿಹಾಕಿಕೊಳ್ಳುತ್ತದೆ. ಮೊಳೆಗಳನ್ನು ಒಳಚೌಕಟ್ಟಿಗೆ ಬದಲಾಯಿಸಿದೆವು. ಈಗ ತೋರಣ ಗಾಜಿನ ಹಿಂದೆ ಇದೆ, ಗಾಳಿಗೆ ಹಾರಿಹೋಗುವುದಿಲ್ಲ, ರಸ್ತೆಯಿಂದಲೂ ಕಾಣುತ್ತದೆ. ರಂಗೋಲಿಯನ್ನು ಮಾತ್ರ ಬಾಗಿಲು ತಿರುಗುವ ಜಾಗದಿಂದ ಒಂದಡಿ ಆಚೆ ಬಿಡಿಸಬೇಕು.

ಕ್ಲೋಸರ್ ಅಂದರೆ ಬಾಗಿಲನ್ನು ನಿಧಾನಕ್ಕೆ ಮುಚ್ಚುವ ಗಾಳಿ ಪಂಪು. ಅದರ ತುದಿಯ ಸ್ಕ್ರೂ ತಿರುಗಿಸಿ ವೇಗ ಹೊಂದಿಸಬಹುದು. ಚಳಿಯಲ್ಲಿ ಒಂದು ಥರ, ಬೇಸಿಗೆಯಲ್ಲಿ ಒಂದು ಥರ ನಡೆದುಕೊಳ್ಳುತ್ತದೆ, ಹಾಗಾಗಿ ವರ್ಷಕ್ಕೆರಡು ಸಲ ಮುಟ್ಟಬೇಕಾಗುತ್ತದೆ. ಬಾಗಿಲು ಅತಿಯಾಗಿ ತೆರೆದುಕೊಳ್ಳದಂತೆ ಹಿಡಿಯುವ ಗಾಳಿ ಸರಪಳಿಯನ್ನು ಮೇಲ್ಗಡೆ ಹಾಕುವುದನ್ನು ಯಾರೂ ಬಿಡಬಾರದು. ಅದಿಲ್ಲದೆ ಒಂದು ಜೋರು ಗಾಳಿ ಬಂದರೆ ಕ್ಲೋಸರ್ ಸಮೇತ ಸ್ಕ್ರೂಗಳು ಕಿತ್ತು ಬರುತ್ತವೆ.

ಡಿಸೆಂಬರ್‌ನಲ್ಲಿ ಗಾಜಿನ ಒಳಮುಖದಲ್ಲಿ ಮಂಜು ಹೆಪ್ಪುಗಟ್ಟಿದರೆ ಸ್ಟಾರ್ಮ್ ಡೋರನ್ನು ಬೈಯಬೇಡಿ. ಮುಂಬಾಗಿಲಿನ ರಬ್ಬರ್ ಪಟ್ಟಿ ಸವೆದಿದೆ ಅಂತ ಅರ್ಥ. ಮನೆಯೊಳಗಿನ ತೇವದ ಗಾಳಿ ನುಸುಳಿ ತಣ್ಣನೆಯ ಗಾಜಿಗೆ ತಾಗುತ್ತಿರುತ್ತದೆ. ಆ ಪಟ್ಟಿ ಬದಲಾಯಿಸಿದರೆ ಮಂಜು ಕಡಿಮೆಯಾಗುತ್ತದೆ. ಚಳಿ ತಡೆಯುವ ಮುಖ್ಯ ಕೆಲಸವೂ ಆ ರಬ್ಬರ್ ಪಟ್ಟಿಯದ್ದೇ. ದೊಡ್ಡ ಹಿಮ ಬಿದ್ದ ಬೆಳಿಗ್ಗೆ ಹೊರಕ್ಕೆ ತೆರೆಯುವ ಈ ಬಾಗಿಲು ಅಲುಗಾಡುವುದಿಲ್ಲ. ಸಲಿಕೆಯನ್ನು ಗ್ಯಾರೇಜಿನಲ್ಲಿಟ್ಟು ಅಲ್ಲಿಂದಲೇ ಹೊರಗೆ ಹೋಗುತ್ತೇವೆ.

ಮೇ ತಿಂಗಳು ಬಂತೆಂದರೆ ಗಾಜು ತೆಗೆದು ಜಾಲರಿ ಹಾಕುತ್ತೇವೆ. ಮಿನ್ನೆಸೋಟದ ಸೊಳ್ಳೆಗಳು ನಮ್ಮ ಊರಿನವಕ್ಕಿಂತ ಕಡಿಮೆಯೇನಲ್ಲ. ಜಾಲರಿ ಇದ್ದರೆ ಮುಂಬಾಗಿಲು ತೆರೆದಿಟ್ಟೇ ಒಗ್ಗರಣೆ ಹಾಕಬಹುದು. ಒಣಮೆಣಸಿನ ಘಾಟು ಹೊರಗೆ ಹೋಗುತ್ತದೆ, ಸ್ಮೋಕ್ ಅಲಾರ್ಮ್ ಕೂಗುವುದಿಲ್ಲ. ತೆಗೆದ ಗಾಜನ್ನು ಗ್ಯಾರೇಜಿನಲ್ಲಿ ಮಲಗಿಸದೆ ನಿಲ್ಲಿಸಿ ಇಡಿ. ಅದರ ಕ್ಲಿಪ್ಪುಗಳನ್ನು ಒಂದು ಚೀಲಕ್ಕೆ ಹಾಕಿ ಗಾಜಿಗೇ ಅಂಟಿಸಿ, ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಹುಡುಕಾಟ ಶುರು.