ಪಿಕಾಸಾದಿಂದ ಹೊಸ ಕಂಪ್ಯೂಟರಿಗೆ: ಫೋಟೊಗಳ ಜೊತೆ ಹೆಸರುಗಳನ್ನೂ ಸಾಗಿಸಿದ ಬಗೆ

ನಮ್ಮ ಕುಟುಂಬದ ಫೋಟೊಗಳೆಲ್ಲ ಬಹುಕಾಲದಿಂದ ಹಳೆಯ ವಿಂಡೋಸ್ 7 ಕಂಪ್ಯೂಟರಿನಲ್ಲಿ, ಫೋಟೊ ಜೋಡಿಸಿಡುವ ಗೂಗಲ್‌ನ ತಂತ್ರಾಂಶವಾದ ಪಿಕಾಸಾದಲ್ಲಿದ್ದವು. ಗೂಗಲ್ 2016ರ ಮಾರ್ಚ್‌ನಲ್ಲಿ ಅದರ ಬೆಂಬಲವನ್ನು ನಿಲ್ಲಿಸಿದ ಮೇಲೂ ಕೆಲಸ ನಡೆಯುತ್ತಲೇ ಇದ್ದುದರಿಂದ ಬದಲಾಯಿಸುವ ಗೋಜಿಗೆ ನಾನು ಹೋಗಿರಲಿಲ್ಲ. ಹೊಸ ಕಂಪ್ಯೂಟರ್ ಕೊಂಡಾಗ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುವ, ಅದೇ ಬಗೆಯ ಮುಕ್ತ ತಂತ್ರಾಂಶವಾದ ಡಿಜಿಕ್ಯಾಮ್ ಅನ್ನು ಆರಿಸಿಕೊಂಡೆ. ಫೋಟೊಗಳನ್ನು ನಕಲು ಮಾಡುವುದು ದೊಡ್ಡ ಕೆಲಸವಲ್ಲ. ಯಾರ ಮುಖ ಯಾವುದು, ಯಾವ ಚಿತ್ರ ಯಾವ ಊರಿನದು ಎಂಬ ವಿವರಗಳು ಅವುಗಳ ಜೊತೆ ಬರುವಂತೆ ಮಾಡುವುದೇ ನಿಜವಾದ ಕೆಲಸ. ಆದ್ದರಿಂದ ಹೆಚ್ಚಿನ ಸಮಯವನ್ನು ಹಳೆಯ ಕಂಪ್ಯೂಟರಿನ ಮುಂದೆಯೇ ಕಳೆದೆ.

ಪಿಕಾಸಾ ಪ್ರತಿ ಫೋಲ್ಡರಿನಲ್ಲಿಯೂ ಕಣ್ಣಿಗೆ ಕಾಣದ ಒಂದು ಚಿಕ್ಕ ಇನಿ (.ini) ಪಠ್ಯ ಫೈಲನ್ನು ಇಡುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಂದೊಂದು ಫೋಟೊದ ಹೆಸರಿನ ಕೆಳಗೆ ನಕ್ಷತ್ರದ ಗುರುತು, ಮುಖ ಇರುವ ಚೌಕದ ಅಳತೆ, ಆ ಮುಖದ ಗುರುತಿನ ಸಂಖ್ಯೆ ಇವೆಲ್ಲ ಸಾಲಾಗಿ ಕಾಣುತ್ತವೆ. ಫೋಟೊಗಳನ್ನಷ್ಟೇ ಆಯ್ದು ನಕಲು ಮಾಡುವವರಿಗೆ ಈ ಫೈಲು ಕೈತಪ್ಪುತ್ತದೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಪಿಕಾಸಾದಲ್ಲಿ ಕತ್ತರಿಸಿದ, ಬಣ್ಣ ತಿದ್ದಿದ ಚಿತ್ರವನ್ನು ಸೇವ್ ಮಾಡದಿದ್ದರೆ ಆ ತಿದ್ದುಪಡಿಗಳೂ ಇನಿ ಫೈಲಿನಲ್ಲಿ ಮಾತ್ರ ಇರುತ್ತವೆ, ಬೇರೆ ತಂತ್ರಾಂಶದಲ್ಲಿ ತೆರೆದಾಗ ತಿದ್ದದ ಚಿತ್ರವೇ ಕಾಣುತ್ತದೆ. ಹಾಗಾಗಿ ಮೊದಲು ಎಲ್ಲವನ್ನೂ ಒಂದು ಹೊರಗಿನ ಡಿಸ್ಕಿಗೆ ಯಥಾವತ್ತಾಗಿ ನಕಲು ಮಾಡಿಟ್ಟುಕೊಂಡು, ಆಮೇಲೆ ತಿದ್ದಿದ ಚಿತ್ರಗಳನ್ನು ಸೇವ್ ಮಾಡಿದೆ. ಸೇವ್ ಮಾಡಿದಾಗ ಪಿಕಾಸಾ ಮೂಲಚಿತ್ರವನ್ನು ಅದೇ ಜಾಗದಲ್ಲಿ ಇನ್ನೊಂದು ಅಡಗಿದ ಫೋಲ್ಡರಿನಲ್ಲಿ ಉಳಿಸುತ್ತದೆ.

ಮುಖಗಳ ಹೆಸರನ್ನು ಫೋಟೊ ಫೈಲಿನೊಳಕ್ಕೇ ಬರೆಯುವ ಸೌಲಭ್ಯ ಪಿಕಾಸಾ 3.9ರ ಟೂಲ್ಸ್ ಪಟ್ಟಿಯಲ್ಲಿ, ಪ್ರಾಯೋಗಿಕ ಎಂಬ ವಿಭಾಗದಲ್ಲಿದೆ. ಅದು ಎಕ್ಸ್‌ಎಂಪಿ ಎಂಬ, ವಿವರಗಳನ್ನು ಫೈಲಿನೊಳಗೆ ಬರೆದಿಡುವ ರೂಪದಲ್ಲಿ ಬರೆಯುವುದನ್ನು ಡಿಜಿಕ್ಯಾಮ್ ಓದಬಲ್ಲದು. ಬರೆಯಿಸುವ ಮುನ್ನ ಹೆಸರುಗಳ ಪಟ್ಟಿಯನ್ನು ಒಮ್ಮೆ ಪರಿಷ್ಕರಿಸಿದೆ. ನಮ್ಮ ಮನೆಯ ಪಟ್ಟಿಯಲ್ಲಿ ‘ಅತ್ತೆ’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಮೂವರ ಮುಖಗಳಿದ್ದವು; ಹೆಸರು ಹಾಕುತ್ತಿದ್ದವರು ಯಾರೋ ಅವರ ಸಂಬಂಧದಂತೆ ಸೇರಿಕೊಂಡಿದ್ದವು. ಅವನ್ನು ‘ಶಿರಸಿ ಅತ್ತೆ’, ‘ತೀರ್ಥಹಳ್ಳಿ ಅತ್ತೆ’ ಎಂಬಂತೆ ಬಿಡಿಸಿ, ಮುಂದೆ ಅವರ ಪೂರ್ಣ ಹೆಸರನ್ನೂ ಸೇರಿಸಿದೆ. ಫೈಲಿನೊಳಗೆ ಕೂತ ಹೆಸರು ಆ ಫೈಲು ಯಥಾವತ್ತಾಗಿ ಯಾರ ಕೈಗೆ ಹೋದರೂ ಜೊತೆಗೇ ಹೋಗುತ್ತದೆಯಾದ್ದರಿಂದ ಈ ಶ್ರಮ ವ್ಯರ್ಥವಲ್ಲ.

ಸಾಗಿಸಲು ಎಕ್ಸ್‌ಪ್ಲೋರರ್‌ನಲ್ಲಿ ಎಳೆದು ಹಾಕುವ ಬದಲು ವಿಂಡೋಸಿನಲ್ಲೇ ಇರುವ, ಆಜ್ಞೆ ಟೈಪ್ ಮಾಡಿ ನಕಲು ಮಾಡಿಸುವ ರೋಬೋಕಾಪಿಯನ್ನು ಬಳಸಿದೆ. ನಡುವೆ ನಿಂತರೆ ಅದೇ ಆಜ್ಞೆಯನ್ನು ಮತ್ತೆ ಕೊಟ್ಟರೆ ಸಾಕು, ಉಳಿದದ್ದನ್ನು ಮಾತ್ರ ನಕಲು ಮಾಡುತ್ತದೆ. ಅದರ ‘ಮಿರರ್’ ಆಯ್ಕೆಯನ್ನು ಮಾತ್ರ ಬೇಕೆಂದೇ ಬಳಸಲಿಲ್ಲ. ಮೂಲದಲ್ಲಿ ಇಲ್ಲದ್ದನ್ನು ಅದು ಗುರಿಯಲ್ಲಿಯೂ ಅಳಿಸಿಬಿಡುತ್ತದೆ. ಡಿಸ್ಕು ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಮದುವೆ ವಿಡಿಯೊಗಳು ಅದರಲ್ಲಿ ಕೂರುವುದಿಲ್ಲವೆಂದು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಕೊಂಡಿದ್ದೆ. ಆಮೇಲೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರವನ್ನು ಹೋಲಿಸಿದೆ. ಗಾತ್ರ ಒಂದೇ ಇದ್ದ ಮಾತ್ರಕ್ಕೆ ಒಳಗಿರುವುದೂ ಒಂದೇ ಎನ್ನಲಾಗದು, ಹಾಗಾಗಿ ಮುಖ್ಯವಾದ ಫೋಲ್ಡರುಗಳಿಗೆ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆಯುವ ಗುರುತು) ಕೂಡ ತೆಗೆದು ನೋಡಿದೆ.

ನಕಲು ಮಾಡಿದಾಗ ಫೈಲು ಹುಟ್ಟಿದ ದಿನಾಂಕ ಹೊಸದಾಗಬಹುದು. ಕ್ಯಾಮೆರಾದ ಫೋಟೊಗಳಿಗೆ ಇದರಿಂದ ತೊಂದರೆಯಿಲ್ಲ, ತೆಗೆದ ಹೊತ್ತು ಕ್ಯಾಮೆರಾ ಫೈಲಿನೊಳಗೇ ಬರೆಯುವ ಎಕ್ಸಿಫ್ ವಿವರದಲ್ಲಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಗಳಲ್ಲಿ ಸಾಮಾನ್ಯವಾಗಿ ಆ ವಿವರವೇ ಇರುವುದಿಲ್ಲ. ದಿನಾಂಕ ಫೈಲಿನ ಹೆಸರಿನಲ್ಲಿ ಮಾತ್ರ ಇರುತ್ತದೆ. ಈ ವಿವರವನ್ನು ತಿದ್ದುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶದ ಮೂಲಕ ಆ ದಿನಾಂಕದ ಎಂಟು ಅಂಕಿಗಳನ್ನು ಎಕ್ಸಿಫ್‌ಗೆ ಬರೆಯಿಸಿ, ಸಮಯಕ್ಕೆ ಎಲ್ಲಕ್ಕೂ ಮಧ್ಯಾಹ್ನ ಹನ್ನೆರಡು ಎಂದು ಕೊಟ್ಟೆ. ಅದು ಚಿತ್ರ ತೆಗೆದ ದಿನವಲ್ಲ, ಮೊಬೈಲಿಗೆ ಬಂದ ದಿನ ಎಂಬುದು ನಿಜ. ಆದರೂ ಹೆಚ್ಚಿನವಕ್ಕೆ ವರ್ಷವಾದರೂ ಸರಿಯಿರುತ್ತದೆ.

ಹಳೆಯ ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ ಚಿತ್ರಗಳ ವಿವರ ಅಪ್ಪ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಪಟ್ಟಿಯೊಂದರಲ್ಲಿತ್ತು. ಹಳೆಯ ನುಡಿ ಅಕ್ಷರಶೈಲಿಗಳು ಈಗ ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಸಂಕೇತಪದ್ಧತಿಯವಲ್ಲ, ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಿಸಿ, ಅರ್ಕಾವೊತ್ತು ಇರುವ ಪದಗಳನ್ನು ಒಮ್ಮೆ ಓದಿ ಸರಿಪಡಿಸಿ, ಶೀರ್ಷಿಕೆಗಳಾಗಿ ಸೇರಿಸಿದೆ.

ಡಿಜಿಕ್ಯಾಮ್‌ನಲ್ಲಿ ಫೋಲ್ಡರನ್ನು ತೋರಿಸುವ ಮೊದಲೇ ಹೆಸರು, ಟ್ಯಾಗ್, ಶೀರ್ಷಿಕೆಗಳನ್ನು ಫೈಲಿಗೇ ಬರೆಯಬೇಕೆಂಬ ಆಯ್ಕೆಗಳನ್ನು ಗುರುತಿಸಿಕೊಂಡೆ. ಇಲ್ಲವಾದರೆ ಹೊಸ ಶ್ರಮವೂ ಇನ್ನೊಂದು ಡೇಟಾಬೇಸಿನಲ್ಲಿ ಸಿಕ್ಕಿಕೊಳ್ಳುತ್ತದೆ. ಪಿಕಾಸಾದ ಆಲ್ಬಮ್‌ಗಳು ಬರಲಿಲ್ಲ. ಅವು ಪಿಕಾಸಾದೊಳಗಿನ ಜೋಡಣೆಗಳಷ್ಟೇ ಎಂದು ಮೊದಲೇ ತಿಳಿದಿದ್ದರಿಂದ, ಬೇಕೆನಿಸಿದ ಆಲ್ಬಮ್‌ಗಳ ಫೋಟೊಗಳಿಗೆ ಆಲ್ಬಮ್ಮಿನ ಹೆಸರನ್ನೇ ಟ್ಯಾಗ್ ಆಗಿ ಹಳೆಯ ಕಂಪ್ಯೂಟರಿನಲ್ಲೇ ಹಾಕಿಟ್ಟಿದ್ದೆ, ಆ ಟ್ಯಾಗ್‌ಗಳು ಸರಿಯಾಗಿ ಬಂದಿವೆ.